ಹಲಸಿನ ಬುಡಕ್ಕೊಂದು ಚೆಂದದ ಅಂಚು

ಇವತ್ತು ಬೆಳಗ್ಗೆ ಕಾಫಿ ಲೋಟ ಹಿಡಿದು ಕಿಟಕಿಯ ಹತ್ತಿರ ನಿಂತಿದ್ದೆ. ಪಕ್ಕದ ಮನೆಯ ಕಡೆಯಿಂದ ಒಂದು ವಾಸನೆ ಬಂತು. ಹಸಿ ಮಣ್ಣಿನದು, ಅದರ ಬೆನ್ನಿಗೇ ಸ್ವಲ್ಪ ಒಗರು, ಸ್ವಲ್ಪ ಹುಳಿ. ಆಗತಾನೇ ಕಡಿದ ಬೇರಿನ ವಾಸನೆ ಅದು. ನಿಮಗೆ ಅದರ ಪರಿಚಯವಿಲ್ಲದಿದ್ದರೆ ನೀವು ಪುಣ್ಯವಂತರು. ಯಾವ ಮರಕ್ಕೂ ನೀವು ಉಪಕಾರ ಮಾಡಲು ಹೋಗಿಲ್ಲ ಎಂದು ಅರ್ಥ.

ಬಗ್ಗಿ ನೋಡಿದೆ. ಪಕ್ಕದ ಮನೆಗೆ ಹೋದ ವರ್ಷ ಬಂದ ಸೊಸೆ ಸುಜಾತ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಮೇಸ್ತ್ರಿಯ ಗತ್ತಿನಲ್ಲಿ ನಿಂತಿದ್ದಳು. ಅವಳ ಅತ್ತೆ ಜಯಮ್ಮನವರು ಈ ಬಡಾವಣೆಗೆ ಬಂದ ವರ್ಷವೇ ನೆಟ್ಟು ಬೆಳೆಸಿದ ಮಾವಿನ ಮರದ ಸುತ್ತ ಒಬ್ಬ ಆಳು ಗುದ್ದಲಿಯಿಂದ ಗುಂಡಗೆ ಅಗೆಯುತ್ತಿದ್ದ. ಪಕ್ಕದಲ್ಲಿ ಸಿಮೆಂಟಿನ ಪುಟ್ಟ ಪುಟ್ಟ ಬಿಲ್ಲೆಗಳ ರಾಶಿ. ಮರದ ಬುಡಕ್ಕೆ ಹೂವಿನ ಪಾತಿ, ಪಾತಿಗೆ ಅಂಚು! ಜಯಮ್ಮನವರು ಮಾತ್ರ ಊರಲ್ಲಿಲ್ಲ. ನೆಲಮಂಗಲದ ಮಗಳ ಮನೆಗೆ ಹೋದವರು ಇವತ್ತು ವಾಪಸು ಬರುತ್ತಾರೆ.

ನಾನು ಮೊದಲು ಮಾಡಿದ ಕೆಲಸವೆಂದರೆ ನಕ್ಕದ್ದು. ಜಯಮ್ಮನವರು ಬಂದಾಗ ನಡೆಯುವ ನಾಟಕಕ್ಕೆ ಈಗಲೇ ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಳ್ಳಬೇಕು ಅಂದುಕೊಂಡೆ. ಆದರೆ ಲೋಟ ಖಾಲಿಯಾಗುವ ಹೊತ್ತಿಗೆ ನಗು ನಿಂತುಹೋಗಿತ್ತು. ಯಾಕೆಂದು ಹೇಳುತ್ತೇನೆ, ನೀವೂ ಒಂದು ಕುರ್ಚಿ ಎಳೆದುಕೊಳ್ಳಿ.

ಆಗ ಎರಡನೇ ಮಹಾಯುದ್ಧ ನಡೆಯುತ್ತಿತ್ತು. ಸೀಮೆಎಣ್ಣೆಗೂ ಸಕ್ಕರೆಗೂ ಚೀಟಿ ಹಿಡಿದು ಸಾಲು ನಿಲ್ಲಬೇಕಾಗಿದ್ದ ಆ ದಿನಗಳಲ್ಲಿ ನನ್ನನ್ನು ಬೆಂಗಳೂರಿನ ಚಿಕ್ಕಪೇಟೆಯಿಂದ ತಂದು ದೊಡ್ಡಬಳ್ಳಾಪುರದಾಚೆ ಎರಡು ಹರದಾರಿ ದೂರದ ಹಳ್ಳಿಗೆ ಸೊಸೆಯಾಗಿ ಕೊಟ್ಟರು. ನಾನು ಲೋವರ್ ಸೆಕೆಂಡರಿ ಪಾಸಾದವಳು. ಈಗಿನವರಿಗೆ ಇದು ಏನೂ ಅಲ್ಲ. ಆಗ ಆ ಊರಿನ ಹೆಂಗಸರಲ್ಲಿ ಅಷ್ಟು ಓದಿದವಳು ನಾನೊಬ್ಬಳೇ. ಹಾಗಾಗಿ ನನಗೆ ಎಲ್ಲವೂ ಗೊತ್ತಿತ್ತು. ರಾಗಿ ಬೀಸುವುದೊಂದು ಬಿಟ್ಟು, ಸೌದೆ ಒಲೆ ಹೊತ್ತಿಸುವುದೊಂದು ಬಿಟ್ಟು, ಹಸುವಿನ ಹತ್ತಿರ ಹೋಗುವುದೊಂದು ಬಿಟ್ಟು, ಎಲ್ಲವೂ.

ತೋಟಗಾರಿಕೆಯಂತೂ ವಿಶೇಷವಾಗಿ ಗೊತ್ತಿತ್ತು. ನನ್ನ ಆ ವಿದ್ಯೆಯೆಲ್ಲ ಜಟಕಾದಲ್ಲಿ ಕೂತು ಸಂಪಾದಿಸಿದ್ದು. ಅಪ್ಪ ತಮ್ಮ ಬಟ್ಟೆ ಅಂಗಡಿಯ ಕೆಲಸಕ್ಕೆ ದಂಡಿನ ಕಡೆ, ಅಂದರೆ ಕಂಟೋನ್ಮೆಂಟಿಗೆ, ಹೋಗುವಾಗ ನನ್ನನ್ನೂ ಕೂರಿಸಿಕೊಂಡು ಹೋಗುತ್ತಿದ್ದರು. ದೊರೆಗಳ ಬಂಗಲೆಗಳ ಕಾಂಪೌಂಡಿನ ಸಂದಿಯಲ್ಲಿ ಕಾಣುತ್ತಿದ್ದವು ಆ ಪಾತಿಗಳು. ಇಟ್ಟಿಗೆಗಳನ್ನು ಓರೆಯಾಗಿ ಅರ್ಧ ಹೂತು, ಮೇಲೆ ಹಲ್ಲು ಹಲ್ಲಾಗಿ ಕಾಣುವ ಹಾಗೆ ಜೋಡಿಸಿ, ಒಂದಕ್ಕೆ ಸುಣ್ಣ, ಮುಂದಿನದಕ್ಕೆ ಕೆಮ್ಮಣ್ಣು ಬಳಿದ ಅಂಚು. ಒಳಗೆ ಬಣ್ಣ ಬಣ್ಣದ ಕ್ರೋಟನ್ನು. ಜಟಕಾದ ಕುದುರೆ ಎಷ್ಟು ನಿಧಾನವಾದರೂ ಒಂದು ಬಂಗಲೆಯನ್ನು ದಾಟುವುದಕ್ಕೆ ಎಷ್ಟು ಹೊತ್ತು ಬೇಕು? ಅಷ್ಟೇ ಹೊತ್ತಿನ ವ್ಯಾಸಂಗ ನನ್ನದು. ಆ ಅಂಚಿನ ಕೆಳಗೆ ಏನಿರುತ್ತದೆ ಎಂಬುದು ಜಟಕಾದಿಂದ ಕಾಣುತ್ತಿರಲಿಲ್ಲ.

ಗಂಡನ ಮನೆಯ ಮುಂದೆ ಒಂದು ಹಲಸಿನ ಮರವಿತ್ತು. ಇಬ್ಬರು ಕೈ ಹಿಡಿದರೂ ತಬ್ಬಲಾಗದಂಥ ಕಾಂಡ. ಬುಡದಲ್ಲಿ ಬೇರುಗಳು ಅಲ್ಲಲ್ಲಿ ನೆಲದ ಮೇಲಕ್ಕೆ ಬೆನ್ನು ತೋರಿಸಿ ಮತ್ತೆ ಒಳಗೆ ಇಳಿಯುತ್ತಿದ್ದವು. ಅವುಗಳ ನಡುವೆ ಕೋಳಿಗಳು ಕೆದಕಿದ ಗುಂಡಿ, ಒಣಗಿದ ಎಲೆ, ಒಂದು ಮುರುಕಲು ಒರಳು. ನೋಡಿದ ದಿನವೇ ನನ್ನ ಮನಸ್ಸಿಗೆ ಕಸಿವಿಸಿಯಾಯಿತು. ಇಷ್ಟು ದೊಡ್ಡ ಮರ, ಇಷ್ಟು ಕೊಳಕು ಬುಡ!

ಆ ಮರ ಅತ್ತೆಯದು. ಮನೆಯ ಮುಂದಿನ ಮರ ಮನೆಯವರದ್ದೇ ಅಲ್ಲವೇ ಅನ್ನಬೇಡಿ. ಮಾವ ತೀರಿಕೊಂಡ ಮೇಲೆ ಇಬ್ಬರು ಮಕ್ಕಳಿಗೂ ಪಾಲಾಯಿತು. ಹೊಲ, ಗದ್ದೆ, ದನ, ಮನೆ, ಬಾವಿಯ ಸರದಿ, ಎಲ್ಲವೂ. ಪಂಚಾಯ್ತಿಯವರು ಕೊನೆಗೆ, “ನಿಂಗೇನ್ ಬೇಕವ್ವಾ?” ಅಂದರಂತೆ. ಅತ್ತೆ ಕಂಬದ ಹಿಂದಿನಿಂದಲೇ, “ಆ ಹಲಸಿನ ಮರ ನಂದು ಅಂತ ಬಾಯಲ್ಲಿ ಹೇಳ್ಬುಡಿ, ಸಾಕು” ಅಂದರಂತೆ. ಎಲ್ಲರೂ ನಕ್ಕು ಹಾಗೇ ಹೇಳಿದರಂತೆ. ಇದನ್ನು ನನಗೆ ಹೇಳಿದ್ದು ನಮ್ಮವರು. ಹೇಳುವಾಗ ಅವರೂ ನಕ್ಕರು. ನಾನೂ ನಕ್ಕೆ.

ನಗಬಾರದಿತ್ತು. ಯಾರಿಗಾದರೂ ಒಂದು ಪಾವು ರಾಗಿ ಹಿಟ್ಟು ಕೊಡಬೇಕಾದರೂ ಅತ್ತೆ ಮಗನ ಮುಖ ನೋಡುತ್ತಿದ್ದರು. ಹಲಸಿನ ಹಣ್ಣು ಕೊಡಲು ಮಾತ್ರ ಯಾರನ್ನೂ ಕೇಳುತ್ತಿರಲಿಲ್ಲ. ಅದರಲ್ಲೂ ಆ ಮರದ್ದೊಂದು ವಿಶೇಷವಿತ್ತು. ಕೊಂಬೆಯಲ್ಲಿ, ಕಾಂಡದಲ್ಲಿ ಬಿಡುವುದಲ್ಲದೆ ಅದು ಬೇರಿನಲ್ಲೂ ಕಾಯಿ ಬಿಡುತ್ತಿತ್ತು. ಆಷಾಢದಲ್ಲಿ ಬುಡದ ಸುತ್ತ ಎಲ್ಲೋ ನೆಲ ಬಿರುಕು ಬಿಡುತ್ತಿತ್ತು, ಆ ಬಿರುಕಿನಿಂದ ಹಣ್ಣಿನ ಘಮ ಏಳುತ್ತಿತ್ತು. ಅಲ್ಲಿ ಕೈಯಿಂದ ಮಣ್ಣು ಬಗೆದರೆ ಒಳಗೆ ಹಣ್ಣು. ಆ ಹಣ್ಣನ್ನು ಅತ್ತೆ ತಾವೇ ಕೊಯ್ದು, ಜಗಲಿಯ ಮೇಲೆ ಕೂತು, ಬೀದಿಯ ಹೆಂಗಸರಿಗೆಲ್ಲ ತಮ್ಮ ಕೈಯಾರೆ ಹಂಚುತ್ತಿದ್ದರು. ವರ್ಷಕ್ಕೆ ಒಂದೇ ದಿನ ಅವರು ಕೊಡುವವರಾಗುತ್ತಿದ್ದರು.

ಇದನ್ನೂ ನಮ್ಮವರು ಹೇಳಿದ್ದರು. ಪಟ್ಟಣದ ಹುಡುಗಿಗೆ ಟೋಪಿ ಹಾಕುತ್ತಿದ್ದಾರೆ ಅಂದುಕೊಂಡೆ. ನೆಲದೊಳಗೆ ಹಲಸಿನ ಹಣ್ಣಂತೆ! ಮದುವೆಯಾದ ಮೊದಲ ಆಷಾಢಕ್ಕೆ ಪದ್ಧತಿಯಂತೆ ತವರಿಗೆ ಹೋಗಿದ್ದರಿಂದ ಕಣ್ಣಾರೆ ಕಾಣುವ ಯೋಗವೂ ನನಗೆ ಬರಲಿಲ್ಲ. ನನ್ನ ಲೋವರ್ ಸೆಕೆಂಡರಿ ಪುಸ್ತಕದಲ್ಲಿ ಇಲ್ಲದ್ದನ್ನು ನಾನು ಹೇಗೆ ನಂಬಲಿ?

ಮುಂದಿನ ಶಿವರಾತ್ರಿ ಕಳೆಯಿತು. ಬಿಸಿಲು ಏರುವ ಹೊತ್ತಿಗೆ ನನ್ನ ಅಂಚಿನ ಹುಚ್ಚೂ ಏರಿತು. ದಿನವೂ ಅದೇ ಮಾತು. ಊಟಕ್ಕೆ ಕೂತರೆ ಅಂಚು, ನೀರು ಸೇದಲು ಹೋದರೆ ಅಂಚು. “ಏನೂಂದ್ರೆ, ಮರದ ಬುಡಕ್ಕೆ ಒಂದು ಅಂಚು ಕಟ್ಟಿಸಿದರೆ ಮನೆಗೇ ಒಂದು ಕಳೆ ಬರುತ್ತೆ.” ನಮ್ಮವರು “ಹೂಂ” ಅಂದರು. ಅವರು ದೊಡ್ಡಬಳ್ಳಾಪುರದಲ್ಲಿ ತಾಲ್ಲೂಕು ಕಚೇರಿಯ ಗುಮಾಸ್ತರು. ಬಂದ ಕಾಗದಕ್ಕೆಲ್ಲ ಮೊಹರು ಒತ್ತಿ ಮುಂದಕ್ಕೆ ತಳ್ಳುವ ಅಭ್ಯಾಸ. ಮನೆಯಲ್ಲಿ ಅವ್ವ ಹೇಳಿದ್ದಕ್ಕೂ ಹೂಂ, ನಾನು ಹೇಳಿದ್ದಕ್ಕೂ ಹೂಂ. ಅತ್ತೆ ಮಾತ್ರ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಮುದ್ದೆ ಮುರಿದು ನುಂಗಿದರು.

ಅದಾದ ಎರಡು ದಿನಕ್ಕೆ ಒಂದು ಸಂಗತಿ ನಡೆಯಿತು. ನೆತ್ತಿಯ ಮೇಲೆ ಬಿಸಿಲಿರುವ ಹೊತ್ತಿಗೆ ಅತ್ತೆ ಮೊರದ ತುಂಬ ಒಲೆಯ ಬೂದಿ ತಂದರು. ಮರದ ನೆರಳು ಎಲ್ಲಿ ಮುಗಿಯುತ್ತದೋ ಅಲ್ಲಿ ಹಿಡಿ ಹಿಡಿಯಾಗಿ ಬೂದಿ ಉದುರಿಸುತ್ತ ಮರದ ಸುತ್ತ ಒಂದು ಸುತ್ತು ಬಂದರು. ಅಂಗಳದಲ್ಲಿ ಬೂದಿಯ ದೊಡ್ಡದೊಂದು ಬಳೆ ಬಿತ್ತು. ಆಮೇಲೆ ಮೊರ ಕೊಡವಿ ಒಳಗೆ ಹೋದರು. ಯಾಕೆ ಏನು ಎಂದು ನಾನು ಕೇಳಲಿಲ್ಲ. ಅವರು ಹೇಳಲೂ ಇಲ್ಲ.

ಕೇಳುವ ಅಗತ್ಯವಾದರೂ ಏನಿತ್ತು? ನನಗೆ ಆಗಲೇ ಅರ್ಥವಾಗಿತ್ತು. ಪಾಪ, ಬಾಯಿಬಿಟ್ಟು ಒಪ್ಪಿಕೊಳ್ಳಲು ಬಿಗುಮಾನ, ಅದಕ್ಕೇ ಅಂಚು ಎಲ್ಲಿ ಬರಬೇಕೆಂದು ತಾವೇ ಗುರುತು ಹಾಕಿಕೊಟ್ಟಿದ್ದಾರೆ! ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆ ಮನೆಯಲ್ಲಿ ಮರ ಈಚುಗಾಯಿ ಬಿಟ್ಟ ದಿನದಿಂದ ಹಣ್ಣು ಇಳಿಸುವವರೆಗೆ ಆ ಬೂದಿಗೆರೆಯ ಒಳಗೆ ಗುದ್ದಲಿ, ಹಾರೆ, ಕುಡುಗೋಲು, ಯಾವ ಕಬ್ಬಿಣವೂ ನೆಲಕ್ಕೆ ತಾಗಬಾರದೆಂಬ ಕಟ್ಟುಪಾಡು ಇತ್ತು ಎಂದು ಊರಿನ ಎಮ್ಮೆಗಳಿಗೂ ಗೊತ್ತಿದ್ದಿರಬೇಕು. ನನಗೆ ಗೊತ್ತಿರಲಿಲ್ಲ. ಅಗೆಯಬೇಡ ಎಂದು ಎಳೆದ ಗೆರೆಯನ್ನು ಅಗೆಯುವುದಕ್ಕೆ ಎಳೆದ ಗೆರೆ ಎಂದು ಓದಿಕೊಂಡ ವಿದ್ಯಾವಂತೆ ನಾನು.

ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಆದರೆ ಅತ್ತೆಯ ಬಳೆ ಬಹಳ ದೊಡ್ಡದಾಯಿತು, ಅಷ್ಟಕ್ಕೆಲ್ಲ ಇಟ್ಟಿಗೆ ಸಾಲದು ಅಂತ ನನ್ನ ಲೆಕ್ಕ. ಹಾಗಾಗಿ ನಾನು ಅದನ್ನು ತಿದ್ದಿದೆ. ಕಾಂಡಕ್ಕೆ ಹಗ್ಗ ಕಟ್ಟಿ, ತುದಿಗೆ ಗೂಟ ಸಿಕ್ಕಿಸಿ, ಬುಡದಿಂದ ಮೂರೇ ಮಾರು ದೂರದಲ್ಲಿ ಅಚ್ಚುಕಟ್ಟಾಗಿ ಒಂದು ವೃತ್ತ ಎಳೆದೆ. ರೇಖಾಗಣಿತ ಕಲಿತದ್ದು ಸಾರ್ಥಕವಾಯಿತು.

ಅತ್ತೆ ತಮ್ಮ ತಂಗಿಯ ಮೊಮ್ಮಗಳ ನಾಮಕರಣಕ್ಕೆಂದು ಹೊಸಕೋಟೆಯ ಕಡೆ ಹೊರಟರು, ಮೂರು ದಿನ ಬರುವುದಿಲ್ಲ. ವಾಪಸು ಬಂದಾಗ ಬೆರಗಾಗಲಿ ಅಂತ ನಾನು ಅವತ್ತೇ ಮಣ್ಣು ಕೆಲಸದ ಮುನಿಶಾಮಿಯನ್ನು ಕರೆಸಿದೆ. ಅವನು ನಾಲ್ಕು ಏಟು ಹಾಕಿ ಗುದ್ದಲಿ ನಿಲ್ಲಿಸಿದ.

“ಅಮ್ಮಾವ್ರೇ, ಇಲ್ಲಿ ಬೇರೈತೆ. ಗೆರೇನ ಒಸಿ ಆ ಕಡೀಕ್ ಸರ್ಸೋಣ್ವಾ?”

“ಗೆರೆ ಸರಿಸಿದರೆ ಗುಂಡಗೆ ಹೇಗೆ ಬರುತ್ತಪ್ಪಾ? ಬೇರು ಕಡಿ.”

“ದೊಡ್ಡವ್ವ ಬರ್ಲಿ ಅಂತೀನಿ.”

“ದೊಡ್ಡವ್ವನೇ ಬೂದಿ ಹಾಕಿ ಗುರುತು ಮಾಡಿಟ್ಟು ಹೋಗಿದ್ದಾರೆ, ಕಾಣಿಸ್ತಿಲ್ವಾ?”

ಅವನು ಬೂದಿಯನ್ನು ನೋಡಿದ, ಗುದ್ದಲಿಯನ್ನು ನೋಡಿದ, ನನ್ನನ್ನು ನೋಡಿದ. “ಬೂದಿ ಅಲ್ಲೈತೆ, ನಾವ್ ಇಲ್ಲಿ ಅಗೀತಾ ಇದ್ದೀವಲ್ರಾ” ಅಂದ. ಓದಿಲ್ಲದವನ ಜೊತೆ ಏನು ವಾದ ಎಂದು ನಾನು, “ನೀನು ಅಗಿ, ನನಗೆ ಗೊತ್ತು” ಅಂದೆ. ನನಗೆ ಗೊತ್ತು ಎಂಬ ಮಾತಿನಷ್ಟು ಹರಿತವಾದ ಕೊಡಲಿಯನ್ನು ನಾನು ಈವರೆಗೆ ಕಂಡಿಲ್ಲ.

ಒಂದು ಮೊಳ ಆಳ, ಸುತ್ತಲೂ. ಬೆರಳು ಗಾತ್ರದ ಬೇರುಗಳು ಗುದ್ದಲಿಗೇ ಹರಿದವು. ಮಣಿಕಟ್ಟಿನಷ್ಟು ದಪ್ಪದವಕ್ಕೆ ಮಚ್ಚು ತರಿಸಿದೆ. ತೋಳಿನಷ್ಟು ದಪ್ಪದ್ದೊಂದು ಸಿಕ್ಕಿತು, ಅದಕ್ಕೆ ಕೊಡಲಿ. ಏಟು ಬಿದ್ದ ಕಡೆಯಿಂದ ಹಾಲಿನಂಥ ಮೇಣ ಸುರಿಯಿತು. ಆಗ ಮೂಗಿಗೆ ಬಡಿದ ವಾಸನೆಯೇ ಇವತ್ತು ಬೆಳಗ್ಗೆ ಬಂದದ್ದು. ಆವತ್ತು ನಾನು ಅದಕ್ಕೆ ಮೂಗು ಮುಚ್ಚಿಕೊಂಡು, “ಬೇಗ ಬೇಗ” ಅಂದೆ. ಕಡಿದ ಬೇರುಗಳನ್ನು ಹಿತ್ತಿಲ ಸೌದೆಯ ಜೊತೆ ಒಟ್ಟಿಸಿದೆ. ಮಿತವ್ಯಯ ನೋಡಿ. ಇಟ್ಟಿಗೆ ನೆಡಿಸಿ, ಸುಣ್ಣ ಕೆಮ್ಮಣ್ಣು ಬಳಿಸಿ, ಒಳಗೆ ಕಾಂಡಕ್ಕೆ ಒತ್ತಿ ಮೊಳದೆತ್ತರ ಕೆರೆಯ ಗೋಡುಮಣ್ಣು ತುಂಬಿಸಿ, ಕೋಳಿಜುಟ್ಟಿನ ಹೂವಿನ ಸಸಿ ನೆಡಿಸಿದೆ. ಮೂರನೆಯ ದಿನ ಸಂಜೆ ನಮ್ಮವರು ಸೈಕಲ್ಲು ಇಳಿದು ನೋಡಿ, ಎಂದಿನಂತೆ “ಹೂಂ” ಅಂದರು. ನನಗೆ ಕೊಂಬು ಬರುವುದೊಂದು ಬಾಕಿ.

ಮಾರನೆಯ ಬೆಳಗ್ಗೆ ಅತ್ತೆ ಗಾಡಿ ಇಳಿದರು. ಅಂಗಳದ ಬಾಗಿಲಲ್ಲೇ ನಿಂತರು. ನಾನು ಓಡಿ ಹೋಗಿ ಗಂಟು ತೆಗೆದುಕೊಂಡು, ಹೊಗಳಿಕೆಗೆ ತಲೆ ಬಗ್ಗಿಸಿ ನಿಂತೆ. ಅವರು ಅಂಚನ್ನು ನೋಡಿದರು, ಆಮೇಲೆ ಆಚೆ ಬಿದ್ದಿದ್ದ ಬೂದಿಯನ್ನು ನೋಡಿದರು. ನನ್ನನ್ನು ಒಂದೇ ಮಾತು ಕೇಳಿದರು.

“ಬೇರ್ನ ಎಲ್ಲಿ ಆಕ್ದೆ?”

ಸೌದೆ ರಾಶಿ ತೋರಿಸಿದೆ. ಅವರು ಹಿತ್ತಿಲಿಗೆ ಹೋಗಿ ಒಂದೊಂದೇ ಬೇರನ್ನು ಆರಿಸಿ ಸೆರಗಿಗೆ ಹಾಕಿಕೊಂಡು ಬಂದರು. ಜಗಲಿಯ ಮೇಲೆ ಸಾಲಾಗಿ ಜೋಡಿಸಿದರು, ಬೆರಳಿನದು, ಮಣಿಕಟ್ಟಿನದು, ಕೊನೆಗೆ ತೋಳಿನದು. ಆ ದಪ್ಪ ಬೇರಿನ ಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಮುಳ್ಳು ಮುಳ್ಳು ಕಾಯೊಂದು ಅಂಟಿಕೊಂಡಿತ್ತು. ನೆಲದೊಳಗಿನ ಹಲಸು. ನಮ್ಮವರು ಟೋಪಿ ಹಾಕಿರಲಿಲ್ಲ.

ಅತ್ತೆ ಬೈದಿದ್ದರೆ ನಾನು ಅತ್ತು, ಮುಖ ಊದಿಸಿಕೊಂಡು, ತವರಿಗೆ ಕಾಗದ ಬರೆದು ಬದುಕಿಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. “ಎಲ್ಲಾನೂ ಪಾಲಾಕ್ಕೊಂಡ್ರಿ. ನನ್ನ ಪಾಲ್ಗೆ ಇದೊಂದಿತ್ತು ಕಣಮ್ಮಿ” ಅಂದರು. ಅಂದು ಮುಗಿಸಿ ಸೆರಗು ಬಿಗಿದರು. ಮುನಿಶಾಮಿಯನ್ನು ಕರೆಸಿದರು. ಇಟ್ಟಿಗೆಗಳೆಲ್ಲ ಮೇಲೆ ಬಂದವು, ಕಾಂಡಕ್ಕೆ ಒಟ್ಟಿದ್ದ ಗೋಡು ಕೈಯಲ್ಲೇ ಬಳಿದು ಆಚೆ ಹೋಯಿತು, ಕೋಳಿಜುಟ್ಟು ಹಸುವಿನ ಪಾಲಾಯಿತು. ಕಡಿದ ಬೇರುಗಳ ಬಾಯಿಗೆಲ್ಲ ಸಗಣಿ ಕೆಮ್ಮಣ್ಣು ಕಲಸಿ ಮೆತ್ತಿದರು. ಅಗೆದ ಮಣ್ಣನ್ನೇ ಹಿಂದಕ್ಕೆ ತುಂಬಿ, ಮೇಲೆ ಒದ್ದೆ ಗೋಣಿ ಹಾಸಿ, ಬಾವಿಯಿಂದ ನೀರು. ಸೇದಿದವಳು ಯಾರೆಂದು ಕೇಳುವ ಅಗತ್ಯವಿಲ್ಲ. ನನ್ನ ಅಂಗೈ ನೋಡಿ ನಮ್ಮವರಿಗೆ ಕರುಣೆ ಬಂತು. “ಹೂಂ” ಅಂದರು.

ವಾರ ಕಳೆಯುವ ಹೊತ್ತಿಗೆ ಬಾವಿಯ ಕಡೆಯ ಕೊಂಬೆಗಳಲ್ಲಿ ಎಲೆ ಜೋತುಬಿದ್ದವು, ಆಮೇಲೆ ಹಳದಿಯಾದವು. ಅತ್ತೆ ದಿನವೂ ಕಾಂಡದ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದರು, ಜ್ವರ ನೋಡುವವರ ಹಾಗೆ. ಒಂದು ದಿನ ಏನೋ ತೀರ್ಮಾನಕ್ಕೆ ಬಂದವರಂತೆ, ಮರದಲ್ಲಿದ್ದ ಎಳೆಗಾಯಿಗಳನ್ನೆಲ್ಲ ಕೀಳಿಸಿಬಿಟ್ಟರು. ಒಂದೂ ಉಳಿಸಲಿಲ್ಲ. ಅರ್ಧ ಬೇರು ಹೋದ ಮರಕ್ಕೆ ಇಷ್ಟು ಕೂಸುಗಳನ್ನು ಸಾಕುವ ಶಕ್ತಿಯಿಲ್ಲ, ಇರುವ ಸತ್ವ ಬೇರಿಗಾದರೂ ಹೋಗಲಿ ಎಂಬುದು ಅವರ ಲೆಕ್ಕ.

ಆ ಕಾಯಿಗಳನ್ನು ಎಸೆಯುವ ಮನೆಯಲ್ಲ ಅದು. ಇಡೀ ಒಂದು ತಿಂಗಳು ಎಳೆ ಹಲಸಿನ ಸಾರು, ಎಳೆ ಹಲಸಿನ ಪಲ್ಯ, ಮತ್ತೆ ಸಾರು. ಹೆಚ್ಚುವ ಕೆಲಸ ನನ್ನದು. ಹರಳೆಣ್ಣೆ ಎಷ್ಟು ಸವರಿಕೊಂಡರೂ ಮೇಣ ಬಿಡದು. ಬೆರಳಿಗೆ ಬೆರಳು ಅಂಟಿ, ಬೆರಳಿಗೆ ಈಳಿಗೆಮಣೆ ಅಂಟಿ, ಅದೇ ಕೈಯಲ್ಲಿ ತಲೆ ಕೆರೆದುಕೊಂಡು ಕೂದಲಿಗೂ ಅಂಟಿ, ದಂಡಿನ ಬಂಗಲೆಗಳ ಶೋಭೆಯನ್ನು ಹಳ್ಳಿಗೆ ತರಲು ಹೊರಟವಳು ಕೊನೆಗೆ ಒಂದು ಜಡೆ ಹಾಕಿಕೊಳ್ಳಲಾರದೆ ಕೂತೆ. ಅತ್ತೆ ಎದುರಿಗೆ ಕೂತು, “ಒಸಿ ಸಣ್ಣಕ್ ಎಚ್ಚು ತಾಯಿ, ಅಂಚು ಸಮ ಬರ್ಲಿ” ಅಂದರು. ಗಾಡಿ ಇಳಿದ ಆ ಬೆಳಗಿನ ನಂತರ ಅವರು ನನ್ನೊಡನೆ ಆಡಿದ ಮೊದಲ ಮಾತು ಅದು.

ಆಷಾಢ ಬಂತು. ಮೊದಲ ವರ್ಷ ಕಳೆದಿದ್ದರಿಂದ ಈ ಸಲ ನಾನು ಊರಲ್ಲೇ ಇದ್ದೆ. ಅತ್ತೆ ಬೆಳಗ್ಗೆ ಸಂಜೆ ಬರಿಗಾಲಲ್ಲಿ ಮರದ ಸುತ್ತ ನಡೆಯುತ್ತಿದ್ದರು, ನೆಲ ಎಲ್ಲಾದರೂ ಉಬ್ಬಿದೆಯೇ ಎಂದು ಅಂಗಾಲಿನಲ್ಲೇ ಹುಡುಕುತ್ತ. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ನನಗೆ ತಿಳಿದಿದ್ದ ದೇವರುಗಳಿಗೆಲ್ಲ ಹರಕೆ ಹೊತ್ತೆ. ನೆಲ ಉಬ್ಬಲಿಲ್ಲ.

ಒಂದು ಮಧ್ಯಾಹ್ನ, ರೂಢಿಯಂತೆ, ಬೀದಿಯ ಹೆಂಗಸರು ಬಟ್ಟಲು ಸೆರಗಿನಲ್ಲಿ ಮುಚ್ಚಿಕೊಂಡು ಬಂದು ಜಗಲಿಯ ಮುಂದೆ ನಿಂತರು. ನಾನು ಒಳಗೆ ಬಾಗಿಲ ಹಿಂದೆ. ಮೂಲೆ ಮನೆಯ ಕೆಂಪಮ್ಮನದು ಊರಿಗೆಲ್ಲ ಕೇಳುವ ಗಂಟಲು. “ಎಲ್ ದೊಡ್ಡವ್ವಾ, ಈ ಸಲ ನೆಲ ಬಿರೀನೇ ಇಲ್ವಾ?” ಅಂದಳು.

“ಇಲ್ಲ ಕಣೇ. ಮರಕ್ಕೆ ಒಂದೊರ್ಸ ಬುಡುವು ಕೊಟ್ಟಿವ್ನಿ.”

“ಬುಡುವಾ? ಬುಡ ಯಾರೋ ಅಗ್ದಂಗೈತೆ. ಆ ಕಡೆ ಎಲೆಯೆಲ್ಲಾ ಉದ್ರೋಗೈತಲ್ಲವ್ವ! ಯಾರಗ್ದದ್ದು?”

ನಾನು ಕಣ್ಣು ಮುಚ್ಚಿಕೊಂಡೆ. ಈಗ ಹೇಳುತ್ತಾರೆ. ಪಟ್ಟಣದ ಸೊಸೆ ಎಂಬ ಹೆಸರು ಈಗ ಬೀದಿಗೆ ಬೀಳುತ್ತದೆ, ನಾನು ಸಾಯುವವರೆಗೂ ಈ ಊರು ಅದನ್ನು ಆಡಿಕೊಳ್ಳುತ್ತದೆ.

“ನಾನೇ ಅಗಿಸ್ದೆ ಕಣೆ. ಗೊಬ್ರ ಆಕ್ಸೋಣ ಅಂತಿದ್ದೆ. ವಯಸ್ಸಾಯ್ತು ನೋಡು, ಬುದ್ಧಿ ಕೆಟ್ಟಿತ್ತು” ಅಂದರು ಅತ್ತೆ.

ಹೆಂಗಸರು ಲೊಚಗುಟ್ಟಿದರು. “ಇಷ್ಟು ವರ್ಸ ಕಾಪಾಡ್ದೋಳು ನೀನೇ ಇಂಗ್ ಮಾಡ್ದಾ?” ಎಂದು ಕೆಂಪಮ್ಮ ನಾಲ್ಕು ಮಾತು ಬುದ್ಧಿಯನ್ನೂ ಹೇಳಿದಳು. ಅತ್ತೆ ಅದನ್ನೂ ಕೇಳಿಸಿಕೊಂಡರು. ಬಟ್ಟಲುಗಳು ಬರಿದಾಗಿಯೇ ಹೊರಟುಹೋದವು. ವರ್ಷಕ್ಕೆ ಒಂದು ದಿನ ಕೊಡುವವರಾಗುತ್ತಿದ್ದವರು ಆ ದಿನ ಬರಿಗೈಲಿ ಕಳಿಸಿದರು, ಮೇಲಿಂದ ಬೈಗುಳ ತಿಂದರು, ನನ್ನ ಪಾಲಿನದನ್ನು.

ನನಗೆ ಅಳು ತಡೆಯಲಾಗಲಿಲ್ಲ. ಹೋಗಿ ಅವರ ಕಾಲ ಹತ್ತಿರ ಕೂತೆ. ಅತ್ತೆ ಎಲೆ ಅಡಿಕೆ ಮಡಿಸುತ್ತ ನನ್ನ ಕಡೆ ತಿರುಗಿದರು.

“ಇಲ್ಲಿ ಕುಂತು ಅಳ್ಬೇಡ. ಅಳೋದಾದ್ರೆ ಮರದ್ ಬುಡಕ್ಕೋಗಿ ಅಳು, ಒಸಿ ನೀರಾದ್ರೂ ಬೀಳ್ಲಿ.”

ಮರ ಬದುಕಿತು. ಬಾವಿಯ ಕಡೆಯ ಎರಡು ಕೊಂಬೆ ಒಣಗಿ, ಕಡಿಸಬೇಕಾಯಿತು. ಮಿಕ್ಕದ್ದು ಮರುವರ್ಷ ಚಿಗುರಿತು. ನೆಲದ ಹಣ್ಣು ಮಾತ್ರ ಮೂರು ಆಷಾಢ ಕಾಯಿಸಿ ನಾಲ್ಕನೆಯದರಲ್ಲಿ ಬಂತು, ಅದೂ ಒಂದೇ. ಅಷ್ಟರಲ್ಲಿ ಅತ್ತೆಯೇ ಒಂದು ದಿನ ಗೋಡೆಗೆ ಒರಗಿಸಿಟ್ಟಿದ್ದ ಇಟ್ಟಿಗೆಗಳನ್ನು ತೋರಿಸಿ, “ನಿನ್ ಅಂಚು ಬೇಕಾರೆ ಆಕ್ಕೋ. ಬೂದಿಯಿಂದಾಚೆ. ನೆಲದ್ ಮೇಲಿಡು, ಅಗೀಬ್ಯಾಡ. ಬೇರು ಬಂದ್ ಕಡೆ ನೀನು ಸುತ್ಕಂಡೋಗು, ಅದು ನಿನ್ಗಿಂತ ಮುಂಚೆ ಬಂದೈತೆ” ಅಂದರು. ಹಾಗೇ ಇಟ್ಟೆ. ಗುಂಡಗೆ ಬರಲಿಲ್ಲ. ಅಲ್ಲಲ್ಲಿ ಹೊರಳಿ, ಅಲ್ಲಲ್ಲಿ ಬಿಟ್ಟುಹೋಗಿ, ಕುಡಿದವನು ಎಳೆದ ಗೆರೆಯ ಹಾಗೆ ಬಂತು. ದೊರೆಗಳು ನೋಡಿದ್ದರೆ ನಗುತ್ತಿದ್ದರು. ಪುಣ್ಯಕ್ಕೆ ಯಾವ ದೊರೆಯೂ ನಮ್ಮ ಹಳ್ಳಿಗೆ ಬರಲಿಲ್ಲ.

ಇಷ್ಟು ಬರೆಯುವ ಹೊತ್ತಿಗೆ ಪಕ್ಕದ ಮನೆಯಲ್ಲಿ ಗುದ್ದಲಿಯ ಸದ್ದು ನಿಂತು, ಕೊಡಲಿಯ ಸದ್ದು ಶುರುವಾಯಿತು. ನೋಡಿ, ನಿಮ್ಮೊಡನೆ ಹರಟುತ್ತ ನಾನು ಎಂಥ ಘನಕಾರ್ಯ ಮಾಡುತ್ತಿದ್ದೆ. ಪೆನ್ನು ಬಿಸಾಕಿ, ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದೆ. ಅರವತ್ತು ದಾಟಿದವಳು ಓಡುವುದೆಂದರೆ ಎಷ್ಟೋ ಅಷ್ಟೇ. ಆಳಿನ ಕೈ ಹಿಡಿದು ನಿಲ್ಲಿಸಿದೆ. ದೊಡ್ಡ ಬೇರಿಗೆ ಎರಡೇ ಏಟು ಬಿದ್ದಿತ್ತು. ಸಣ್ಣವು ಹೋಗಿದ್ದವು.

“ಯಾಕೆ ಆಂಟಿ, ಏನಾಯ್ತು? ಚೆನ್ನಾಗಿ ಕಾಣ್ಲಿ ಅಂತ ಮಾಡಿಸ್ತಾ ಇದೀನಿ” ಅಂದಳು ಸುಜಾತ. ಆ ಹುಡುಗಿಯ ಮುಖದಲ್ಲಿ ಎಂಥ ಸಂಭ್ರಮ! ನನ್ನ ನಾಲಿಗೆಯ ತುದಿಗೆ ಬಂದಿದ್ದ ಚುಚ್ಚುಮಾತುಗಳೆಲ್ಲ ಹಿಂದಕ್ಕೆ ಹೋದವು. ಬೇರು ಏನೆಂದು ಹೇಳಿದೆ, ಮುಚ್ಚುವುದು ಹೇಗೆಂದು ತೋರಿಸಿದೆ. “ಅತ್ತೆ ನನ್ನ ಸುಮ್ನೆ ಬಿಡ್ತಾರಾ ಆಂಟಿ?” ಅಂದಳು. ಇಬ್ಬರೂ ಕುಕ್ಕರುಗಾಲಿನಲ್ಲಿ ಕೂತು ಮಣ್ಣು ಎಳೆಯುತ್ತಿದ್ದಾಗಲೇ ಗೇಟಿನ ಹತ್ತಿರ ಆಟೋ ನಿಂತಿತು. ಜಯಮ್ಮನವರು ಬ್ಯಾಗು ಅಲ್ಲೇ ಇಟ್ಟು ಮರದ ಕಡೆ ನೋಡಿದರು.

“ಯಾರ್ರೀ ಇದನ್ನ ಅಗಿಸಿದ್ದು?”

ಸುಜಾತಳ ಕೈ ಮಣ್ಣಿನಲ್ಲೇ ನಿಂತಿತು. ನಾನು ಮೊಣಕಾಲು ಹಿಡಿದುಕೊಂಡು ಎದ್ದೆ.

“ನಾನೇ ಕಣ್ರೀ. ಅಂಚು ಹಾಕಿದರೆ ಚೆಂದ ಕಾಣುತ್ತೆ ಅಂತ ನಾನೇ ಹೇಳಿಕೊಟ್ಟೆ. ಪಾಪ, ಅವಳು ಬೇಡ ಅಂತಲೇ ಇದ್ದಳು.”

ಜಯಮ್ಮನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಇಷ್ಟು ವಯಸ್ಸಾದ್ರೂ ಬುದ್ಧಿ ಬೇಡ್ವಾ ನಿಮಗೆ?” ಅಂತ ಶುರು ಮಾಡಿದರು. ಬೀದಿಯ ಎರಡು ಮನೆಯವರು ಹೊರಗೆ ಬಂದು ನಿಂತು ಕೇಳಿದರು. ನಾನು ತಲೆ ಬಗ್ಗಿಸಿಕೊಂಡು ಪೂರ್ತಿ ಬೈಸಿಕೊಂಡೆ. ಬಹಳ ಚೆನ್ನಾಗಿ ಬೈದರು.